ಕುಂಡದೊಳಗಿನ ಕಿರುಗಿಡ

ಚಿಕ್ಕಮಗಳೂರಿನಿಂದ ವಸ್ತಾರೆ, ಆಲ್ದೂರುಗಳ ಕಡೆಗೆ ಸಾಗುವ ದಾರಿಯ ಇಕ್ಕೆಲಗಳಲ್ಲಿಯೂ ಕಾಫಿಯ ತೋಟಗಳು ಹಬ್ಬಿವೆ. ಮೂಡಿಗೆರೆ, ಕಳಸಗಳತ್ತ ಹೋದಂತೆಲ್ಲ ಬೆಟ್ಟಗಳು ಒತ್ತಾಗುತ್ತವೆ, ಮಳೆಯೂ ಹೆಚ್ಚುತ್ತದೆ. ಈ ಸೀಮೆಯ ಮನೆಗಳ ಮುಂದೆ ಹೂವಿನ ಕುಂಡಗಳನ್ನು ಸಾಲಾಗಿ ಇರಿಸುವುದು ಹಿಂದಿನಿಂದ ಬಂದ ರೂಢಿ. ಡೇಲಿಯ, ಗುಲಾಬಿ, ಆಂಥೂರಿಯಂಗಳ ಆ ಸಾಲಿನಲ್ಲಿ ಈಚಿನ ದಶಕಗಳಲ್ಲಿ ಒಂದು ಪುಟ್ಟ ಗಿಡವೂ ಸೇರಿಕೊಂಡಿದೆ. ಅದರ ಎತ್ತರ ಒಂದು ಗೇಣು. ಎಲೆಗಳು ದಪ್ಪ, ಹೊಳಪುಳ್ಳವು. ಅವುಗಳ ಅಂಚು ಸಣ್ಣ ಅಲೆಗಳಂತೆ ಕೊರೆದದ್ದು. ಚಳಿಗಾಲ ಕಾಲಿಟ್ಟಿತೆಂದರೆ ಕೆಂಪು, ಹಳದಿ, ಕಿತ್ತಳೆ, ಬಿಳಿ ಬಣ್ಣಗಳ ಕಿರುಹೂಗಳು ಗೊಂಚಲುಗೊಂಚಲಾಗಿ ಅರಳಿ, ವಾರಗಟ್ಟಲೆ ಬಾಡದೆ ನಿಲ್ಲುತ್ತವೆ. ಈ ಗಿಡದ ಹೆಸರು ಕಲಾಂಚೊ.

ಅದೇ ಅಂಗಳದ ಕಲ್ಲಿನ ಪಾಗಾರದ ಸಂದಿಯಲ್ಲಿ, ಯಾರೂ ನೆಡದೆ, ಯಾರೂ ನೀರೆರೆಯದೆ ಬೆಳೆದ ಇನ್ನೊಂದು ಗಿಡವನ್ನು ಮಲೆನಾಡಿನಲ್ಲಿ ಕಾಣಬಹುದು. ಅದು ಕಾಡುಬಸಳೆ. ಹೆಸರಿನಲ್ಲಿ ಬಸಳೆಯಿದ್ದರೂ ಸಾರಿಗೆ ಹಾಕುವ ಬಸಳೆಯ ಬಳ್ಳಿಗೂ ಇದಕ್ಕೂ ನಂಟಿಲ್ಲ. ಎಲೆಯ ದಪ್ಪವೊಂದೇ ಹೋಲಿಕೆ. ಕಾಡುಬಸಳೆ ಸೊಂಟದೆತ್ತರಕ್ಕೆ ನೀಳವಾಗಿ ಬೆಳೆಯುತ್ತದೆ, ಗಾಳಿಗೆ ಬಾಗುತ್ತದೆ, ತುದಿಯಲ್ಲಿ ಲಾಂದ್ರದಂತಹ ಹೂಗಳನ್ನು ತೂಗುಬಿಡುತ್ತದೆ. ಹಳ್ಳಿಗರು ಇದರ ಎಲೆಯನ್ನು ಬಾಡಿಸಿ ಗಾಯಕ್ಕೆ ಕಟ್ಟುವುದುಂಟು. ಅದರಾಚೆಗೆ ಅದನ್ನು ಗಮನಿಸುವವರು ಕಡಿಮೆ.

ಕುಂಡದ ಗಿಡ ಮತ್ತು ಪಾಗಾರದ ಗಿಡ ಎರಡೂ ಒಂದೇ ಕುಲಕ್ಕೆ ಸೇರಿದವು; ಎರಡರ ತವರೂ ಮಡಗಾಸ್ಕರ್ ದ್ವೀಪವೇ. ಒಂದು ಬೆಲೆ ತೆತ್ತು ತಂದ ಅಲಂಕಾರ, ಇನ್ನೊಂದು ತಾನಾಗಿ ಹಬ್ಬಿದ ಕಾಡುಗಿಡ. ಇವುಗಳ ನಡುವೆ ಇಷ್ಟು ಅಂತರ ಹೇಗೆ ಉಂಟಾಯಿತು? ಗಿಡವೊಂದು ಕುಳ್ಳಾಗುವುದೆಂದರೇನು? ಅಂಥ ಗಿಡವನ್ನು ಪಡೆಯಲು ಮನುಷ್ಯನು ಏನನ್ನು ಮಾಡಿದ್ದಾನೆ, ಏನನ್ನು ಕಳೆದುಕೊಳ್ಳುವ ಸಂಭವವಿದೆ? ಈ ಪ್ರಶ್ನೆಗಳಿಗೆ ಉತ್ತರವನ್ನು ಮೊದಲು ಅವುಗಳ ದಪ್ಪ ಎಲೆಯಲ್ಲಿಯೇ ಹುಡುಕಬೇಕು.

ಎಲೆಯಲ್ಲಿಯೋ ಕಾಂಡದಲ್ಲಿಯೋ ನೀರನ್ನು ತುಂಬಿಟ್ಟುಕೊಂಡು ಬರಗಾಲವನ್ನು ಕಳೆಯಬಲ್ಲ ಗಿಡಗಳನ್ನು ರಸಭರಿತ ಸಸ್ಯಗಳೆಂದು ಕರೆಯುತ್ತಾರೆ. ಲೋಳೆಸರ, ಕತ್ತಾಳೆ, ಪಾಪಸುಕಳ್ಳಿ, ಮಂಗರವಳ್ಳಿ ಇವೆಲ್ಲ ಈ ಬಗೆಯವು. ಕಡೂರಿನಂತಹ ಬಯಲುಸೀಮೆಯಲ್ಲಿ ಕತ್ತಾಳೆ, ಕಳ್ಳಿಗಳು ಹೊಲದ ಬೇಲಿಯಾಗಿ ನಿಂತಿರುವುದು ಸಹಜವೇ. ಅಲ್ಲಿ ಮಳೆ ವಿರಳ. ಆದರೆ ಮಳೆಗಾಲದಲ್ಲಿ ದಿನಗಟ್ಟಲೆ ಸೂರ್ಯನೇ ಕಾಣದ ಮಲೆನಾಡಿನಲ್ಲಿ ನೀರನ್ನು ಕೂಡಿಡುವ ಗಿಡಕ್ಕೆ ಏನು ಕೆಲಸ?

ಬರವೆಂಬುದು ಬರಿಯ ಮಳೆಯ ಲೆಕ್ಕವಲ್ಲ, ಬೇರಿಗೆ ನೀರು ದೊರೆಯುವ ಲೆಕ್ಕ. ಹಲಸಿನ ಮರದ ಕೊಂಬೆಯ ಮೇಲೆ ಬೆಳೆಯುವ ಸೀತಾಳೆಯ ಬೇರು ಮಣ್ಣನ್ನು ಮುಟ್ಟುವುದೇ ಇಲ್ಲ. ಮಳೆ ನಿಂತ ಮರುಗಳಿಗೆಯಿಂದಲೇ ಅದಕ್ಕೆ ಬರಗಾಲ. ಆದುದರಿಂದಲೇ ಅದರ ಎಲೆಯೂ ದಪ್ಪ. ಕಲ್ಲುಗೋಡೆಯ ಸಂದಿಯಲ್ಲಿ ಹಿಡಿ ಮಣ್ಣಿನಲ್ಲಿ ನಿಂತ ಕಾಡುಬಸಳೆಯ ಸ್ಥಿತಿಯೂ ಅದೇ. ಅದರ ಮೇಲೆ, ಮಳೆಗಾಲ ಮುಗಿದು ಕಾಫಿಯ ಹೂವಿಗಾಗಿ ಬೆಳೆಗಾರನು ಮಳೆಯ ದಾರಿ ಕಾಯುವವರೆಗಿನ ಕೆಲವು ತಿಂಗಳು ಮಲೆನಾಡೂ ಒಣಗಿರುತ್ತದೆ. ಆಗ ದಪ್ಪ ಎಲೆಯೇ ಗಿಡದ ಕೆರೆ.

ನೀರನ್ನು ಕೂಡಿಟ್ಟರೆ ಸಾಲದು, ಅದು ಆವಿಯಾಗಿ ಹೋಗದಂತೆ ನೋಡಿಕೊಳ್ಳಬೇಕು. ಎಲ್ಲ ಗಿಡಗಳ ಎಲೆಗಳಲ್ಲಿಯೂ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿವೆ. ಇವು ಪತ್ರರಂಧ್ರಗಳು. ಆಹಾರ ತಯಾರಿಕೆಗೆ ಬೇಕಾದ ಇಂಗಾಲದ ಡೈಆಕ್ಸೈಡ್ ಇವುಗಳ ಮೂಲಕವೇ ಒಳಬರುತ್ತದೆ; ಎಲೆಯೊಳಗಿನ ನೀರಾವಿ ಇವುಗಳ ಮೂಲಕವೇ ಹೊರಹೋಗುತ್ತದೆ. ಸಾಮಾನ್ಯ ಗಿಡಗಳು ಹಗಲಿನಲ್ಲಿ ಬಾಗಿಲು ತೆರೆದು ದುಡಿಯುತ್ತವೆ, ಅದರ ಸುಂಕವಾಗಿ ನೀರನ್ನು ಕಳೆದುಕೊಳ್ಳುತ್ತವೆ. ಬಾಗಿಲು ಮುಚ್ಚಿದರೆ ನೀರು ಉಳಿಯುತ್ತದೆ, ಆದರೆ ಗಿಡ ಉಪವಾಸ ಬೀಳುತ್ತದೆ. ಈ ಇಕ್ಕಟ್ಟಿನಿಂದ ಪಾರಾಗುವ ಉಪಾಯವನ್ನು ಕಾಡುಬಸಳೆ ಬಲ್ಲುದು. ಆ ಉಪಾಯದ ಸುಳಿವು ಮೊದಲು ದೊರೆತವರಲ್ಲಿ ಒಬ್ಬನು ಕನ್ನಡ ನಾಡಿನೊಡನೆ ಸಂಬಂಧವುಳ್ಳ ಸಸ್ಯಶಾಸ್ತ್ರಜ್ಞ.

1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಅನಂತರ, ಹೈದರ್ ಅಲಿ ಮತ್ತು ಟಿಪ್ಪು ಸುಲ್ತಾನರು ಬೆಳೆಸಿದ್ದ ಬೆಂಗಳೂರಿನ ಲಾಲ್‌ಬಾಗ್ ಈಸ್ಟ್ ಇಂಡಿಯಾ ಕಂಪನಿಯ ವಶಕ್ಕೆ ಬಂದಿತು. ಅದರ ಹೊಣೆಯನ್ನು ಕೆಲವು ವರ್ಷ ವಹಿಸಿಕೊಂಡಿದ್ದವನು ಕಂಪನಿಯ ಸಸ್ಯಶಾಸ್ತ್ರಜ್ಞನಾಗಿದ್ದ ಬೆಂಜಮಿನ್ ಹೈನೆ. ಜರ್ಮನಿಯಿಂದ ಬಂದ ಈತ ವೈದ್ಯನೂ ಹೌದು. ಕಾಡುಬಸಳೆಯು 18ನೆಯ ಶತಮಾನದ ಕೊನೆಯ ಹೊತ್ತಿಗೆ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದಿತ್ತು. ಅಂಥ ಉದ್ಯಾನಗಳಿಂದ ಅದು ದೇಶದಲ್ಲೆಲ್ಲ ಹರಡಿತು. ಹೈನೆ ಭಾರತದಲ್ಲಿದ್ದಾಗ ಆ ಗಿಡದ ಎಲೆಯನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ ಜಗಿದು ನೋಡಿದನು. ಮುಂಜಾನೆ ಎಲೆ ಬಲು ಹುಳಿಯಾಗಿತ್ತು. ನಡುಹಗಲಿಗೆ ಹುಳಿ ಹೋಗಿ ಸಪ್ಪೆಯಾಗಿತ್ತು. ಸಂಜೆಗೆ ತುಸು ಕಹಿಯಾಗಿತ್ತು. ಮರುದಿನ ಮುಂಜಾನೆ ಮತ್ತೆ ಹುಳಿ! ಈ ಸೋಜಿಗವನ್ನು ಅವನು 1813ರಲ್ಲಿ ಒಂದು ಪತ್ರದಲ್ಲಿ ಬರೆದು ತಿಳಿಸಿದನು. 1815ರಲ್ಲಿ ಲಂಡನ್ನಿನ ಲಿನ್ನೇಯನ್ ಸಂಘದ ಪತ್ರಿಕೆಯಲ್ಲಿ ಅದು ಅಚ್ಚಾಯಿತು.

ನಾಲಗೆಯೊಂದನ್ನೇ ಉಪಕರಣವಾಗಿಸಿಕೊಂಡು ಮಾಡಿದ ಈ ಪರೀಕ್ಷೆಯ ಅರ್ಥ ಪೂರ್ತಿಯಾಗಿ ಬಿಡಿಸಿಕೊಳ್ಳಲು 20ನೆಯ ಶತಮಾನವೇ ಬರಬೇಕಾಯಿತು. ಕಾಡುಬಸಳೆ ಮತ್ತು ಅದರ ಬಂಧುಗಳು ತಮ್ಮ ಪತ್ರರಂಧ್ರಗಳನ್ನು ತೆರೆಯುವುದು ಮುಖ್ಯವಾಗಿ ರಾತ್ರಿಯ ಹೊತ್ತು. ಆಗ ಗಾಳಿ ತಂಪು, ತೇವ ಹೆಚ್ಚು; ಆದುದರಿಂದ ನೀರು ಆವಿಯಾಗುವುದು ಕಡಿಮೆ. ಒಳಬಂದ ಇಂಗಾಲದ ಡೈಆಕ್ಸೈಡನ್ನು ಕತ್ತಲಲ್ಲಿ ಸಕ್ಕರೆಯಾಗಿ ಮಾರ್ಪಡಿಸಲಾಗದು. ಅದನ್ನು ಗಿಡವು ಮ್ಯಾಲಿಕ್ ಆಮ್ಲದ ರೂಪದಲ್ಲಿ ಜೀವಕೋಶಗಳೊಳಗಿನ ಚೀಲಗಳಲ್ಲಿ ತುಂಬಿಡುತ್ತದೆ. ಮುಂಜಾನೆಯ ಹುಳಿಗೆ ಕಾರಣ ಇದೇ. ಬಿಸಿಲೇರಿದಂತೆ ಪತ್ರರಂಧ್ರಗಳು ಮುಚ್ಚುತ್ತವೆ. ಆಮ್ಲವು ಒಡೆದು ಇಂಗಾಲದ ಡೈಆಕ್ಸೈಡ್ ಎಲೆಯೊಳಗೇ ಬಿಡುಗಡೆಯಾಗುತ್ತದೆ. ಸೂರ್ಯನ ಬೆಳಕಿನ ಬಲದಿಂದ ಅದು ಸಕ್ಕರೆಯಾಗುತ್ತದೆ. ರಾತ್ರಿ ದಿನಸಿ ತಂದು, ಹಗಲು ಕದವಿಕ್ಕಿಕೊಂಡು ಅಡುಗೆ ಮಾಡುವ ಸಂಸಾರದಂತೆ ಇದರ ವ್ಯವಹಾರ. ಅನಾನಸಿನ ಗಿಡವೂ ಈ ಮಾರ್ಗವನ್ನೇ ಹಿಡಿದಿದೆ.

ಹೈನೆಯ ಪರೀಕ್ಷೆಯನ್ನು ಶಾಲೆಯಲ್ಲಿಯೂ ಮಾಡಿ ನೋಡಬಹುದು, ಆದರೆ ನಾಲಗೆಯಿಂದಲ್ಲ. ಕಲಾಂಚೊ ಕುಲದ ಗಿಡಗಳಲ್ಲಿ ಹೃದಯಕ್ಕೆ ಕೇಡು ಮಾಡುವ ವಿಷಾಂಶಗಳಿವೆ. ಒಂದು ಎಲೆಯನ್ನು ಸೂರ್ಯೋದಯಕ್ಕೆ, ಇನ್ನೊಂದನ್ನು ಸೂರ್ಯಾಸ್ತಕ್ಕೆ ಕೊಯ್ದು ಜಜ್ಜಿ, ಆಮ್ಲದ ಪ್ರಮಾಣವನ್ನು ಬಣ್ಣದಿಂದ ತೋರಿಸುವ ಸೂಚಕ ಕಾಗದವನ್ನು ಅದರ ರಸದಲ್ಲಿ ಅದ್ದಿದರೆ ಎರಡರ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.

ಈ ಕುಲದ ಗಿಡಗಳಿಗೆ ಇನ್ನೊಂದು ವಿಶೇಷ ಶಕ್ತಿಯಿದೆ. ಕಾಡುಬಸಳೆಯ ಒಂದು ಎಲೆಯನ್ನು ಕಿತ್ತು ಒದ್ದೆ ನೆಲದ ಮೇಲೆ ಎಸೆದರೆ, ಕೆಲವೇ ದಿನಗಳಲ್ಲಿ ಅದರ ಅಂಚಿನ ಕಚ್ಚುಗಳಿಂದ ಪುಟ್ಟ ಬೇರುಗಳೂ ಮರಿಗಿಡಗಳೂ ಮೂಡುತ್ತವೆ. ಜರ್ಮನಿಯ ಮಹಾಕವಿ ಗಯಟೆ ಈ ಚಮತ್ಕಾರಕ್ಕೆ ಮಾರುಹೋಗಿ, ಇದರ ಎಲೆಗಳನ್ನು ಗೆಳೆಯರಿಗೆ ಕಳುಹಿಸುತ್ತಿದ್ದನು. ಕುಂಡದ ಕಲಾಂಚೊ ಎಲೆಯಂಚಿನಿಂದ ಹೀಗೆ ಮರಿ ಹಾಕುವುದಿಲ್ಲ. ಆದರೆ ಕಾಂಡದ ಒಂದು ತುಂಡು ಸಿಕ್ಕರೆ ಸಾಕು, ಅದು ಬೇರೂರಿ ಹೊಸ ಗಿಡವಾಗುತ್ತದೆ. ಮುಂದೆ ತಿಳಿಯುವಂತೆ, ಕುಳ್ಳ ತಳಿಗಳ ಭಾಗ್ಯವೂ ಅಪಾಯವೂ ಈ ಗುಣದಲ್ಲಿಯೇ ಅಡಗಿವೆ.

ಕುಂಡದ ಕಲಾಂಚೊವಿನ ಮೂಲ ಜಾತಿಯನ್ನು ಫ್ರೆಂಚ್ ಸಸ್ಯಶಾಸ್ತ್ರಜ್ಞ ಪೆರಿಯೆ ದ ಲಾ ಬಾತಿ 1924ರಲ್ಲಿ ಮಡಗಾಸ್ಕರಿನ ಬೆಟ್ಟಗಳಲ್ಲಿ ಕಂಡನು. 1932ರಲ್ಲಿ ಜರ್ಮನಿಯ ಪೋಟ್ಸ್‌ಡಾಮ್ ನಗರದ ಸಸ್ಯವ್ಯಾಪಾರಿ ರಾಬರ್ಟ್ ಬ್ಲಾಸ್‌ಫೆಲ್ಡ್ ಅದನ್ನು ಯೂರೋಪಿನ ಹೂಗಾರರಿಗೆ ಪರಿಚಯಿಸಿದನು. ಅವನ ಹೆಸರೇ ಆ ಜಾತಿಗೆ ನಿಂತಿತು. ಕಾಡಿನಲ್ಲಿ ಕೆಂಪು ಹೂ ಬಿಡುತ್ತಿದ್ದ ಆ ಗಿಡಕ್ಕೆ ಚಳಿಗಾಲದಲ್ಲಿ ಅರಳುವ ಗುಣವಿತ್ತು. ಹಿಮ ಬಿದ್ದು ಹೊರಗೆ ಹೂವೇ ಕಾಣದ ದಿನಗಳಲ್ಲಿ ಮನೆಯೊಳಗೆ ಅರಳುವ ಗಿಡ ದೊರೆತರೆ ಯಾರಿಗೆ ಬೇಡ?

ಚಳಿಗಾಲದಲ್ಲಿಯೇ ಅರಳುವುದಕ್ಕೆ ಕಾರಣ ಚಳಿಯಲ್ಲ, ರಾತ್ರಿಯ ಉದ್ದ. ರಾತ್ರಿಯು ಹನ್ನೆರಡು ಗಂಟೆಗಿಂತ ಉದ್ದವಾಗಿ, ಹಾಗೆ ಹಲವು ವಾರ ಮುಂದುವರಿದರೆ ಮಾತ್ರ ಕಲಾಂಚೊ ಮೊಗ್ಗು ತಳೆಯುತ್ತದೆ. ಚಿಕ್ಕಮಗಳೂರಿನ ಸೀಮೆಯಲ್ಲಿ ಡಿಸೆಂಬರಿನ ರಾತ್ರಿ ಸುಮಾರು ಹನ್ನೆರಡೂವರೆ ಗಂಟೆ; ಆದುದರಿಂದ ಅಲ್ಲಿ ಅದು ತಾನಾಗಿಯೇ ಹೂ ಬಿಡುತ್ತದೆ. ಯೂರೋಪಿನ ಹೂಗಾರರು ಬೇಸಿಗೆಯಲ್ಲಿಯೂ ಹೂ ಬೇಕೆಂದು, ಬೆಳಕಿರುವಾಗಲೇ ಗಿಡಗಳಿಗೆ ಕಪ್ಪು ಬಟ್ಟೆ ಹೊದಿಸಿ ರಾತ್ರಿಯನ್ನು ಉದ್ದವಾಗಿಸುತ್ತಾರೆ. ರಾತ್ರಿಯ ನಡುವೆ ಬೆಳಕು ಬಿದ್ದರೆ ಗಿಡದ ಲೆಕ್ಕ ತಪ್ಪುತ್ತದೆ. ಜಗಲಿಯ ದೀಪ ರಾತ್ರಿಯಿಡೀ ಉರಿಯುವ ಕಡೆ ಇರಿಸಿದ ಕುಂಡದಲ್ಲಿ ಎಲೆ ಸೊಂಪಾಗಿ ಬೆಳೆದರೂ ಹೂ ಬಾರದಿರುವುದಕ್ಕೆ ಇದೇ ಕಾರಣವಾಗಿರಬಹುದು.

ಆದರೆ ಮೂಲ ಜಾತಿಯ ಗಿಡಕ್ಕೆ ಹೂಗಾರರ ಕಣ್ಣಿನಲ್ಲಿ ಒಂದು ಕೊರತೆಯಿತ್ತು. ಅದರ ಕಾಂಡ ಸಡಿಲವಾಗಿ ಉದ್ದಕ್ಕೆ ಬೆಳೆಯುತ್ತಿತ್ತು. ಕುಂಡದಲ್ಲಿ ಒಪ್ಪವಾಗಿ ಕೂರುತ್ತಿರಲಿಲ್ಲ. ಹೀಗಾಗಿ ಒತ್ತಾದ, ಕುಳ್ಳಾದ ಗಿಡಗಳಿಗಾಗಿ ಹುಡುಕಾಟ ತೊಡಗಿತು.

ಕುಳ್ಳುತನವೆಂದರೆ ಬಡಕಲುತನವಲ್ಲ. ಗೊಬ್ಬರವಿಲ್ಲದೆ, ನೀರಿಲ್ಲದೆ ಸೊರಗಿದ ಗಿಡವೂ ಗಿಡ್ಡಾಗಿಯೇ ಇರುತ್ತದೆ. ಆದರೆ ಅದಕ್ಕೆ ಆರೈಕೆ ಸಿಕ್ಕೊಡನೆ ಮತ್ತೆ ಎತ್ತರಕ್ಕೆ ಏರುತ್ತದೆ. ನಿಜವಾದ ಕುಳ್ಳ ತಳಿ ಎಷ್ಟು ಆರೈಕೆ ಮಾಡಿದರೂ ಕುಳ್ಳಾಗಿಯೇ ಉಳಿಯುತ್ತದೆ. ಗಿಡದ ಕಾಂಡದಲ್ಲಿ ಎಲೆ ಹುಟ್ಟುವ ಜಾಗ ಗಿಣ್ಣು. ಎರಡು ಗಿಣ್ಣುಗಳ ನಡುವಿನ ಅಂತರ ಉದ್ದವಾಗಿದ್ದರೆ ಗಿಡ ನೀಳ; ಅದು ಕಿರಿದಾಗಿದ್ದರೆ ಎಲೆಗಳು ಒಂದರ ಮೇಲೊಂದು ಒತ್ತಿಕೊಂಡು ಗಿಡ ಕುಳ್ಳು. ಗಿಣ್ಣುಗಳು ಹೆಚ್ಚುಕಡಿಮೆ ಅಷ್ಟೇ ಇದ್ದರೂ, ಏಣಿಯ ಮೆಟ್ಟಿಲುಗಳನ್ನು ಹತ್ತಿರಕ್ಕೆ ಸರಿಸಿದಂತೆ ಗಿಡದ ಆಕಾರ ಬದಲಾಗುತ್ತದೆ.

ಈ ಅಂತರವನ್ನು ನಿರ್ಧರಿಸುವುದರಲ್ಲಿ ಗಿಡದೊಳಗಿನ ಕೆಲವು ಚೋದಕ ರಸಗಳಿಗೆ ದೊಡ್ಡ ಪಾತ್ರವಿದೆ. ಅವುಗಳಲ್ಲಿ ಒಂದು ಜಿಬ್ಬರೆಲಿನ್. ಭತ್ತದ ಸಸಿಗಳು ಒಂದು ಬೂಷ್ಟಿನ ಸೋಂಕಿನಿಂದ ವಿಪರೀತ ಉದ್ದಕ್ಕೆ ಬೆಳೆದು ಬಿದ್ದುಹೋಗುವ ರೋಗವನ್ನು ಅಭ್ಯಸಿಸುತ್ತಿದ್ದ ಜಪಾನಿನ ವಿಜ್ಞಾನಿ ಕುರೊಸಾವ, ಆ ಬೂಷ್ಟು ಸ್ರವಿಸುವ ವಸ್ತುವೇ ಇದಕ್ಕೆ ಕಾರಣವೆಂದು 1926ರಲ್ಲಿ ತೋರಿಸಿದನು. ಅದೇ ಬಗೆಯ ವಸ್ತುವನ್ನು ಗಿಡಗಳೂ ತಮ್ಮೊಳಗೆ ತಯಾರಿಸಿಕೊಳ್ಳುತ್ತವೆಂಬುದು ಮುಂದೆ ತಿಳಿಯಿತು. ಅದರ ತಯಾರಿಕೆ ಕುಂಠಿತವಾದರೆ ಗಿಡ ಕುಳ್ಳಾಗುತ್ತದೆ. 19ನೆಯ ಶತಮಾನದಲ್ಲಿ ಮೆಂಡೆಲನು ಆನುವಂಶಿಕತೆಯ ನಿಯಮಗಳನ್ನು ಕಂಡುಕೊಳ್ಳಲು ಬಳಸಿದ ಕುಳ್ಳ ಬಟಾಣಿಯ ಗುಟ್ಟೂ ಇದೇ. 1966ರಲ್ಲಿ ಬಿಡುಗಡೆಯಾಗಿ ಏಷ್ಯದ ಗದ್ದೆಗಳನ್ನು ಮಾರ್ಪಡಿಸಿದ ಐ.ಆರ್. 8 ಎಂಬ ಭತ್ತವೂ ಕುಳ್ಳ ತಳಿಯೇ. ತೆನೆಯ ಭಾರಕ್ಕೆ ಅದು ನೆಲಕ್ಕೆ ಒರಗುತ್ತಿರಲಿಲ್ಲ.

ಕುಳ್ಳ ತಳಿಯ ಮಹತ್ವ ಕಾಫಿನಾಡಿನವರಿಗೆ ಹೊಸ ವಿಷಯವಲ್ಲ. ಹಾಗೆಯೇ ಬಿಟ್ಟರೆ ಆಳೆತ್ತರವನ್ನು ಮೀರುವ ಅರೇಬಿಕಾ ಕಾಫಿಯ ಗಿಡವನ್ನು ತೋಟಗಳಲ್ಲಿ ತುದಿ ಚಿವುಟಿ, ಕೊಂಬೆ ಸವರಿ ಕೈಗೆಟುಕುವಂತೆ ಇರಿಸಿಕೊಳ್ಳುತ್ತಾರೆ. ಬ್ರೆಜಿಲ್ ದೇಶದಲ್ಲಿ ತಾನಾಗಿಯೇ ಕುಳ್ಳಾಗಿ ಕಾಣಿಸಿಕೊಂಡ ಒಂದು ಬಗೆ ಕಟುರ್ರಾ. ಗಿಣ್ಣುಗಳ ಅಂತರ ಕಿರಿದಾಗಿದ್ದ ಅದನ್ನು, ಎಲೆತುಕ್ಕು ರೋಗವನ್ನು ತಡೆಯಬಲ್ಲ ತಿಮೋರ್ ದ್ವೀಪದ ಕಾಫಿಯೊಡನೆ ಸಂಕರಗೊಳಿಸಿದರು. ಆ ಸಂಕರದಿಂದ ಬಂದ 'ಕಾವೇರಿ' ಎಂಬ ತಳಿಯನ್ನು ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು 1980ರ ದಶಕದಲ್ಲಿ ಬೆಳೆಗಾರರಿಗೆ ಕೊಟ್ಟಿತು. 2007ರಲ್ಲಿ 'ಚಂದ್ರಗಿರಿ' ಎಂಬ ಇನ್ನೊಂದು ಕುಳ್ಳ ತಳಿಯನ್ನು ಅದೇ ಕೇಂದ್ರವು ಬಿಡುಗಡೆ ಮಾಡಿತು. ತೋಟದ ಕಾಫಿಯಲ್ಲಿ ಕುಳ್ಳುತನದಿಂದ ಹೆಚ್ಚು ಗಿಡಗಳನ್ನು ಹತ್ತಿರ ಹತ್ತಿರ ನೆಡಬಹುದು, ಹಣ್ಣು ಕೊಯ್ಯುವುದು ಸುಲಭ. ಅಂಗಳದ ಕಲಾಂಚೊದಲ್ಲಿ ಕುಳ್ಳುತನದಿಂದ ಅಂದ. ಉದ್ದೇಶ ಬೇರೆಯಾದರೂ ಗಿಡದ ದೇಹದಲ್ಲಿ ಆಗುವ ಬದಲಾವಣೆ ಒಂದೇ ಬಗೆಯದು.

ಇಂಥ ಗಿಡವನ್ನು ಪಡೆಯಲು ಹಲವು ದಾರಿಗಳಿವೆ. ಎಲ್ಲಕ್ಕಿಂತ ಹಳೆಯದು ಆಯ್ಕೆ. ಬೀಜದಿಂದ ಹುಟ್ಟಿದ ಸಾವಿರಾರು ಸಸಿಗಳ ನಡುವೆ ಉಳಿದವಕ್ಕಿಂತ ಒತ್ತಾಗಿರುವ ಒಂದನ್ನು ಗುರುತಿಸಿ ಉಳಿಸಿಕೊಳ್ಳುವುದು. ಇದಕ್ಕೆ ಬೇಕಾದುದು ತಾಳ್ಮೆ ಮತ್ತು ಪಳಗಿದ ಕಣ್ಣು. ಎರಡನೆಯದು ಸಂಕರ. ಒಂದು ಗಿಡದ ಪರಾಗವನ್ನು ಇನ್ನೊಂದರ ಶಲಾಕೆಗೆ ಮುಟ್ಟಿಸಿ, ಒಂದರ ಕುಳ್ಳುತನವನ್ನೂ ಇನ್ನೊಂದರ ಬಣ್ಣವನ್ನೂ ಕೂಡಿಸುವುದು. ಕಲಾಂಚೊವನ್ನು ಅದೇ ಕುಲದ ಬೇರೆ ಜಾತಿಗಳೊಡನೆ ಸಂಕರಗೊಳಿಸಿದುದರಿಂದಲೇ ಇಂದಿನ ಬಗೆಬಗೆಯ ಬಣ್ಣಗಳು ದೊರೆತಿವೆ. ಮೂರನೆಯದು, ಒಂದು ಟೊಂಗೆಯಲ್ಲಿಯೋ ಒಂದು ಗಿಡದಲ್ಲಿಯೋ ಅಕಸ್ಮಾತ್ತಾಗಿ ತೋರುವ ಆನುವಂಶಿಕ ಬದಲಾವಣೆಯನ್ನು ಹಿಡಿದಿಡುವುದು. ನಾಲ್ಕೇ ಎಸಳುಳ್ಳ ಕಲಾಂಚೊ ಹೂವು ಗುಲಾಬಿಯಂತೆ ಸುತ್ತುಸುತ್ತಾಗಿ ಎಸಳು ತಳೆದುದು ಇಂಥ ಬದಲಾವಣೆಯ ಫಲವೇ.

ಇವುಗಳ ಜೊತೆಗೆ ಹೂಗಾರರು ಹಿಡಿದ ಒಂದು ಅಡ್ಡದಾರಿಯೂ ಉಂಟು. ನೀಳವಾಗಿ ಬೆಳೆಯುವ ತಳಿಗಳಿಗೆ ಜಿಬ್ಬರೆಲಿನ್ನಿನ ತಯಾರಿಕೆಯನ್ನು ತಡೆಯುವ ರಾಸಾಯನಿಕಗಳನ್ನು ಸಿಂಪಡಿಸಿ, ಮಾರಾಟದ ಹೊತ್ತಿಗೆ ಅವು ಕುಳ್ಳಾಗಿ ಕಾಣುವಂತೆ ಮಾಡುವುದು. ಮನೆಗೆ ತಂದ ಮೇಲೆ ಕೆಲವು ತಿಂಗಳಲ್ಲಿ ಗಿಡ ಉದ್ದುದ್ದಕ್ಕೆ ಹೋಗಿ ಅಂದಗೆಟ್ಟರೆ, ಅಂಗಡಿಯಲ್ಲಿ ಕಂಡ ಕುಳ್ಳುತನ ಎರವಲಿನದೆಂದು ಊಹಿಸಬಹುದು. ಇಂಥ ರಾಸಾಯನಿಕಗಳು ಕೆಲಸಗಾರರಿಗೂ ನೀರಿಗೂ ಒಳ್ಳೆಯದಲ್ಲವೆಂಬ ಕಳವಳವಿರುವುದರಿಂದ, ಹುಟ್ಟುಗುಣವಾಗಿಯೇ ಕುಳ್ಳಾಗಿರುವ ತಳಿಗಳಿಗೆ ಬೆಲೆ ಹೆಚ್ಚಿದೆ. ಕಲಾಂಚೊವನ್ನು ಲಕ್ಷಗಟ್ಟಲೆ ಬೆಳೆಯುವ ಡೆನ್ಮಾರ್ಕ್ ದೇಶದ ಕೋಪನ್‌ಹೇಗನ್ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು ಈ ಶತಮಾನದ ಮೊದಲ ದಶಕಗಳಲ್ಲಿ ಒಂದು ಹೊಸ ಹಾದಿಯನ್ನು ತುಳಿದರು. ಮಣ್ಣಿನಲ್ಲಿ ವಾಸಿಸುವ ಒಂದು ಬ್ಯಾಕ್ಟೀರಿಯ ಗಿಡಗಳಿಗೆ ತಗುಲಿ, ತನ್ನ ಕೆಲವು ಜೀನುಗಳನ್ನು ಅವುಗಳ ಜೀವಕೋಶದೊಳಕ್ಕೆ ಸೇರಿಸಿ, ಕೂದಲಿನಂತಹ ಬೇರುಗಳನ್ನು ಹೊರಡಿಸುತ್ತದೆ. ಅಂಥ ಬೇರುಗಳಿಂದ ಬೆಳೆಸಿದ ಕಲಾಂಚೊ ಗಿಡಗಳು ಹುಟ್ಟಿನಿಂದಲೇ ಒತ್ತಾಗಿ, ಕುಳ್ಳಾಗಿ ಬೆಳೆದುವು.

ಕುಳ್ಳಗಿನ ಒಂದು ಗಿಡ ದೊರೆತ ಮಾತ್ರಕ್ಕೆ ಅದು ಹೊಸ ತಳಿಯಾಗುವುದಿಲ್ಲ. ಭಾರತದಲ್ಲಿ 2001ರ ಸಸ್ಯ ತಳಿಗಳ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯಿದೆಯು ಹೊಸ ತಳಿಗೆ ನಾಲ್ಕು ಲಕ್ಷಣಗಳನ್ನು ವಿಧಿಸಿದೆ. ಅದು ನವೀನವಾಗಿರಬೇಕು. ಈಗಾಗಲೇ ಇರುವ ತಳಿಗಳಿಂದ ಸ್ಪಷ್ಟವಾಗಿ ಭಿನ್ನವಾಗಿರಬೇಕು. ಅದರ ಗಿಡಗಳೆಲ್ಲ ಏಕರೂಪವಾಗಿರಬೇಕು. ತಲೆಮಾರಿನಿಂದ ತಲೆಮಾರಿಗೆ ಆ ಗುಣಗಳು ಸ್ಥಿರವಾಗಿ ಉಳಿಯಬೇಕು. ಇವು ರುಜುವಾತಾದರೆ ತಳಿಯನ್ನು ಕಂಡುಹಿಡಿದವರಿಗೆ ನಿರ್ದಿಷ್ಟ ಅವಧಿಯವರೆಗೆ ಅದರ ಮೇಲೆ ಹಕ್ಕು ದೊರೆಯುತ್ತದೆ. ರೈತನು ತಾನು ಬೆಳೆದುದರಿಂದ ಬೀಜ ಉಳಿಸಿಕೊಂಡು ಬಿತ್ತುವ ಹಕ್ಕನ್ನೂ ಅದೇ ಕಾಯಿದೆ ಎತ್ತಿಹಿಡಿದಿದೆ.

ಏಕರೂಪತೆಯನ್ನು ಕಾಯ್ದುಕೊಳ್ಳಲು ಕಲಾಂಚೊದಂತಹ ಗಿಡಗಳಲ್ಲಿ ಸುಲಭ ಸಾಧನವೆಂದರೆ ಕಾಂಡದ ತುಂಡು. ಬೀಜದಿಂದ ಬೆಳೆಸಿದರೆ ತಾಯಿತಂದೆಗಳ ಗುಣಗಳು ಕಲಸಿಹೋಗಿ, ಕುಳ್ಳ ಗಿಡಕ್ಕೆ ನೀಳ ಸಂತಾನ ಹುಟ್ಟಬಹುದು. ತುಂಡಿನಿಂದ ಬಂದ ಗಿಡವಾದರೋ ತಾಯಿಯ ಪಡಿಯಚ್ಚು. ಒಂದೇ ತಳಿಯ ಲಕ್ಷ ಕುಂಡಗಳಲ್ಲಿ ಲಕ್ಷ ಗಿಡಗಳಿರುವಂತೆ ತೋರಿದರೂ, ಆನುವಂಶಿಕ ದೃಷ್ಟಿಯಿಂದ ಅಲ್ಲಿರುವುದು ಒಂದೇ ಗಿಡ.

ಅಪಾಯವಿರುವುದೂ ಇಲ್ಲಿಯೇ. ಒಂದು ರೋಗಕ್ಕೆ ಆ ಒಂದು ಗಿಡ ತುತ್ತಾಗುವುದಾದರೆ ಲಕ್ಷ ಗಿಡಗಳೂ ತುತ್ತಾಗುತ್ತವೆ. ಒಂದೇ ಬೀಗದ ಕೈಯಿಂದ ಊರಿನ ಮನೆಗಳೆಲ್ಲ ತೆರೆಯುವಂತಿದ್ದರೆ ಕಳ್ಳನಿಗೆ ಎಷ್ಟು ಸುಲಭ! ಕಾಫಿನಾಡು ಇದಕ್ಕೆ ಹತ್ತಿರದ ಪಾಠವನ್ನು ಒಮ್ಮೆ ಕಲಿತಿದೆ. ಬಾಬಾಬುಡನ್ ಅವರು ಯೆಮೆನ್ ದೇಶದಿಂದ ಏಳು ಬೀಜಗಳನ್ನು ತಂದು ಗಿರಿಯಲ್ಲಿ ಬಿತ್ತಿದರೆಂಬುದು ಪ್ರತೀತಿ. ಚಿಕ್ಕಮಗಳೂರಿನ ಹೆಸರಿನಿಂದಲೇ 'ಚಿಕ್' ಎನಿಸಿಕೊಂಡ ಹಳೆಯ ಕಾಫಿಯೊಂದೇ ಬಹುಕಾಲ ಇಲ್ಲಿನ ತೋಟಗಳನ್ನು ತುಂಬಿತ್ತು. 19ನೆಯ ಶತಮಾನದ ಉತ್ತರಾರ್ಧದಲ್ಲಿ ಕಾಂಡಕೊರಕ ಹುಳುವೂ ಎಲೆತುಕ್ಕು ರೋಗವೂ ಎರಗಿದಾಗ ಆ ಕಾಫಿ ನಾಶವಾಯಿತು. ತೋಟಗಳು ಬರಿದಾದುವು.

ಆಮೇಲೆ ನೆರವಾದುದು ವೈವಿಧ್ಯ. 1911ರಲ್ಲಿ ಕೆಂಟ್ ಎಂಬ ತೋಟಗಾರನು ರೋಗ ಬಡಿದ ಗಿಡಗಳ ನಡುವೆ ಆರೋಗ್ಯವಾಗಿ ನಿಂತಿದ್ದ ಒಂದು ಗಿಡವನ್ನು ಗುರುತಿಸಿ ಅದರ ಬೀಜವನ್ನು ಬೆಳೆಸಿದನು. ಅದರ ಸಂತತಿಗೆ ಅವನ ಹೆಸರೇ ಬಂದಿತು. 1925ರಲ್ಲಿ ಬಾಳೆಹೊನ್ನೂರಿನಲ್ಲಿ ಸಂಶೋಧನಾ ಕೇಂದ್ರ ಸ್ಥಾಪಿತವಾದ ಮೇಲೆ, ಕೆಂಟ್ ಕಾಫಿಯನ್ನು ಬೇರೊಂದು ಬಗೆಯೊಡನೆ ಸಂಕರಗೊಳಿಸಿ 'ಎಸ್. 795' ಎಂಬ ತಳಿಯನ್ನು 1940ರ ದಶಕದಲ್ಲಿ ಪಡೆದರು. ಮೇಲೆ ಹೇಳಿದ ಕಾವೇರಿಯೂ ರೋಗವನ್ನು ತಡೆಯಬಲ್ಲುದೆಂದೇ ಹೆಸರಾಗಿತ್ತು. ಆದರೆ ವರ್ಷಗಳು ಕಳೆದಂತೆ ಎಲೆತುಕ್ಕು ಅದರ ಕಾವಲನ್ನೂ ಭೇದಿಸಿತು. ರೋಗಾಣುವೂ ಬದಲಾಗುತ್ತಿರುತ್ತದೆ. ಆದುದರಿಂದ ಯಾವ ತಳಿಯೂ ಕೊನೆಯ ತಳಿಯಲ್ಲ. ಮುಂದಿನ ತಳಿಗೆ ಬೇಕಾದ ಗುಣ ಯಾವ ಹಳೆಯ ಗಿಡದಲ್ಲಿ, ಯಾವ ಕಾಡಿನ ಬಂಧುವಿನಲ್ಲಿ ಇದೆಯೆಂದು ಮೊದಲೇ ಹೇಳಲಾಗದು; ಹಾಗಾಗಿಯೇ ಹಳೆಯವನ್ನೂ ಕಾಡಿನವನ್ನೂ ಉಳಿಸಿಕೊಳ್ಳಬೇಕು. ಹೂಗಿಡಕ್ಕೂ ಈ ಮಾತು ಅನ್ವಯಿಸುತ್ತದೆ. ಮಡಗಾಸ್ಕರಿನ ಬೆಟ್ಟದ ಕಾಡು ಉಳಿದರೆ ಕುಂಡದ ಕಲಾಂಚೊವಿನ ಬೇರುಮನೆ ಉಳಿದಂತೆ. ಮಲೆನಾಡಿನ ಮರಗಳಿಂದ ಸೀತಾಳೆಯನ್ನು ಕಿತ್ತು ತಂದು ಕುಂಡದಲ್ಲಿ ಕೊಲ್ಲುವುದರ ಬದಲು, ಸಸ್ಯಾಲಯಗಳಲ್ಲಿ ಬೆಳೆಸಿದ ಗಿಡಗಳನ್ನು ತರುವುದು ಲೇಸೆನ್ನುವುದೂ ಇದಕ್ಕಾಗಿಯೇ.

ಮಲೆನಾಡಿನಲ್ಲಿ ಕಲಾಂಚೊವನ್ನು ಬೆಳೆಸುವವರು ಅದರ ಸ್ವಭಾವವನ್ನು ನೆನಪಿನಲ್ಲಿಡಬೇಕು. ಅದಕ್ಕೆ ಬರಗಾಲ ಶತ್ರುವಲ್ಲ, ಮಳೆಗಾಲ ಶತ್ರು. ಜೂನ್ ತಿಂಗಳಿನಿಂದ ಕುಂಡವನ್ನು ಸೂರಿನ ಕೆಳಗೆ, ಬೆಳಕು ಬೀಳುವ ಕಡೆ ಸರಿಸಬೇಕು. ತಳದಲ್ಲಿ ತೂತಿರುವ ಕುಂಡದಲ್ಲಿ ಕೆಮ್ಮಣ್ಣು, ಮರಳು, ಕಳಿತ ಗೊಬ್ಬರಗಳನ್ನು ಬೆರೆಸಿ ತುಂಬಿದರೆ ನೀರು ನಿಲ್ಲದೆ ಬಸಿದುಹೋಗುತ್ತದೆ. ಮಣ್ಣು ಒಣಗಿದ ಮೇಲೆಯೇ ಮತ್ತೆ ನ ನೀರೆರೆಯಬೇಕು. ಕಾಂಡದ ತುಂಡನ್ನು ಕತ್ತರಿಸಿದೊಡನೆ ನೆಡದೆ, ಒಂದೆರಡು ದಿನ ನೆರಳಿನಲ್ಲಿ ಬಿಟ್ಟು ಗಾಯ ಒಣಗಿದ ಮೇಲೆ ನೆಟ್ಟರೆ ಕೊಳೆಯುವುದಿಲ್ಲ.

ಸವರಿದ ಕೊಂಬೆಗಳನ್ನು ದನ ಮೇಯುವ ಕಡೆ ಎಸೆಯಬಾರದು. ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಲ್ಲಿ ಈ ಕುಲದ ಗಿಡಗಳನ್ನು ಮೇದು ದನಗಳು ಸತ್ತುದುಂಟು. ಕಾಡಿನ ಅಂಚಿನಲ್ಲಿಯೂ ಎಸೆಯಬಾರದು. ಕಾಡುಬಸಳೆಯು ಹವಾಯಿ, ಗಲಾಪಗೋಸ್ ದ್ವೀಪಗಳಲ್ಲಿ ತೋಟದಿಂದ ಹೊರಬಿದ್ದು, ಅಲ್ಲಿನ ಮೂಲಗಿಡಗಳ ನೆಲವನ್ನು ಆಕ್ರಮಿಸಿ ಪೀಡೆಯಾಗಿದೆ. ಎಲೆಯೊಂದರಿಂದಲೇ ಹತ್ತಾರು ಗಿಡಗಳಾಗುವ ಶಕ್ತಿ ಅಂಗಳದಲ್ಲಿ ವರವಾದರೆ ಕಾಡಿನಲ್ಲಿ ಶಾಪ.

ಒಂದು ಗೇಣಿನ ಗಿಡದ ಹಿಂದೆ ಇಷ್ಟು ದೊಡ್ಡ ಚರಿತ್ರೆಯಿದೆ. ಮಡಗಾಸ್ಕರಿನ ಬೆಟ್ಟ, ಎಲೆಯ ಹುಳಿಯನ್ನು ಸವಿದು ನೋಡಿದ ಸಸ್ಯಶಾಸ್ತ್ರಜ್ಞ, ಕತ್ತಲೆಯನ್ನು ಅಳೆಯುವ ಗಿಡದ ಲೆಕ್ಕ, ಸಾವಿರ ಸಸಿಗಳಲ್ಲಿ ಒಂದನ್ನು ಆರಿಸಿದ ಹೂಗಾರನ ತಾಳ್ಮೆ ಇವೆಲ್ಲ ಒಂದು ಪುಟ್ಟ ಕುಂಡದಲ್ಲಿ ಸೇರಿವೆ. ಮನುಷ್ಯನು ತನ್ನ ಅಂಗಳಕ್ಕೆ ಒಪ್ಪುವಂತೆ ಗಿಡವನ್ನು ಕಿರಿದಾಗಿಸಬಲ್ಲನು. ಆದರೆ ಕಿರಿದಾಗಿಸಲು ಬೇಕಾದ ಗುಣವನ್ನು ಅವನು ಸೃಷ್ಟಿಸಲಾರನು. ಅದನ್ನು ಪ್ರಕೃತಿಯ ಕಣಜದಿಂದಲೇ ತರಬೇಕು. ಪಾಗಾರದ ಸಂದಿಯಲ್ಲಿ ಯಾರ ಕಣ್ಣಿಗೂ ಬೀಳದೆ ನಿಂತ ಕಾಡುಬಸಳೆ ಆ ಕಣಜದ ಒಂದು ಕಾಳು. ಅದು ಈ ರಾತ್ರಿಯೂ ಬಾಗಿಲು ತೆರೆದು, ನಾಳೆಯ ಬಿಸಿಲಿಗೆ ಬೇಕಾದುದನ್ನು ಹುಳಿಯಾಗಿ ಕೂಡಿಡುತ್ತದೆ.